ಲೆಕ್ಕ ಕೇಳಬಾರದ ಕಚೇರಿಯ ಲೆಕ್ಕಿಗ

ಗಿರಣಿಗೆ ತಡವಾಗಿ ಬಂದವನ ಕೂಲಿಯಲ್ಲಿ ಎಷ್ಟು ಕತ್ತರಿಸಬೇಕೆಂದು ಹೇಳಲು ಹಾಜರಿ ಪುಸ್ತಕವಿದೆ. ಪೇಟೆಯ ಕಿರಾಣಿ ಅಂಗಡಿಯವನ ಕಿರ್ದಿ ಖತಾವಣಿ ತಾಳೆಯಾಗದಿದ್ದರೆ ಜಿ.ಎಸ್.ಟಿ. ಕಚೇರಿಯ ನೋಟೀಸು ಬರುತ್ತದೆ. ದುಡಿಯುವವನ ಪುಡಿಗಾಸಿಗೆ ಇಷ್ಟು ಕಟ್ಟುನಿಟ್ಟು. ಆದರೆ ಆ ಪುಡಿಗಾಸುಗಳೇ ಕೂಡಿ ತುಂಬಿದ ಬೊಕ್ಕಸದಿಂದ ಕೋಟಿಗಟ್ಟಲೆ ಹಣ ಪಡೆದು, ಖರ್ಚಿನ ವಿವರವಿರಲಿ, ಪಡೆದದ್ದೆಷ್ಟೆಂಬುದನ್ನೂ ಹೇಳದ ಕಚೇರಿಗಳು ಲೋಕದಲ್ಲಿವೆ. ಅವು ಗುಪ್ತಚರ ಇಲಾಖೆಗಳು. ಅಲ್ಲಿನ ಗೂಢಚಾರನ ಸಾಹಸವನ್ನು ಎಲ್ಲರೂ ಸಿನಿಮಾದಲ್ಲಿ ನೋಡಿದ್ದಾರೆ. ಅವನ ಸಂಬಳ, ಭತ್ಯೆ, ಮನೆ ಬಾಡಿಗೆಗಳನ್ನು ಕೂಡಿಸುತ್ತ ಕುಳಿತ ಬಜೆಟ್ ಅಧಿಕಾರಿಯನ್ನು ಕಂಡವರಾರು? ನಮ್ಮ ಆಸಕ್ತಿ ಇರುವುದು ಆ ಲೆಕ್ಕಿಗನಲ್ಲಿ.

ಅಮೆರಿಕದ ಸಿ.ಐ.ಎ. ಸಂಸ್ಥೆಯನ್ನೇ ನೋಡೋಣ. ಹಣಕಾಸು ಅಧಿಕಾರಿಗಳು ಬೇಕೆಂದು ಅದು ಬಹಿರಂಗವಾಗಿಯೇ ಅರ್ಜಿ ಕರೆಯುತ್ತದೆ. ಸೇರುವವನ ಪೂರ್ವಾಪರ ವಿಚಾರಣೆಯಾಗುತ್ತದೆ. ಸುಳ್ಳು ಪತ್ತೆ ಯಂತ್ರದ ಮುಂದೆ ಕೂರಿಸುತ್ತಾರೆ. ಒಳಗೆ ಹೋದಮೇಲೆ ಅವನು ಮಾಡುವುದು ಲೋಕೋಪಯೋಗಿ ಇಲಾಖೆಯ ಲೆಕ್ಕಿಗನೂ ಮಾಡುವ ಕೆಲಸವನ್ನೇ. ಬರುವ ವರ್ಷಕ್ಕೆ ಎಷ್ಟು ಬೇಕೆಂದು ಅಂದಾಜು ಹಾಕಬೇಕು, ಏಕೆ ಬೇಕೆಂದು ಸಮರ್ಥನೆ ಬರೆಯಬೇಕು, ಮಂಜೂರಾದ ಹಣ ಗೊತ್ತಾದ ಬಾಬಿಗೇ ಹೋಯಿತೇ ಎಂದು ನೋಡಬೇಕು. ವ್ಯತ್ಯಾಸವಿಷ್ಟೆ: ಅವನ ಮೊತ್ತ ತಪ್ಪಾದರೆ ತಪ್ಪೆಂದು ಹೇಳಲು ಹೊರಗಿನವನಿಗೆ ಕಾಗದವೇ ಸಿಗುವುದಿಲ್ಲ.

ಇದು ಕಾನೂನೇ ಕಟ್ಟಿಕೊಟ್ಟ ಕತ್ತಲೆ. 1949ರ ಸಿ.ಐ.ಎ. ಕಾಯ್ದೆಯಂತೆ ಗೋಪ್ಯ ವೆಚ್ಚಗಳಿಗೆ ಸಂಸ್ಥೆಯ ನಿರ್ದೇಶಕನ ಸರ್ಟಿಫಿಕೇಟೊಂದೇ ಸಾಕು. ಅದೇ ರಸೀತಿ, ಅದೇ ತಪಾಸಣೆ. ಸಂಸ್ಥೆಯ ಹಣವನ್ನು ಬೇರೆ ಇಲಾಖೆಗಳ, ಮುಖ್ಯವಾಗಿ ರಕ್ಷಣಾ ಇಲಾಖೆಯ, ಬಾಬುಗಳಲ್ಲಿ ಅಡಗಿಸಿಡುತ್ತಿದ್ದರು. ಸಾರ್ವಜನಿಕ ಹಣದ ಜಮಾಖರ್ಚನ್ನು ಕಾಲಕಾಲಕ್ಕೆ ಪ್ರಕಟಿಸಬೇಕೆಂದು ಆ ದೇಶದ ಸಂವಿಧಾನದಲ್ಲಿಯೇ ಬರೆದಿದೆ. ಅದನ್ನು ಓದಿದ ರಿಚರ್ಡ್‌ಸನ್ ಎಂಬ ತೆರಿಗೆದಾರನೊಬ್ಬ ಕೋರ್ಟಿಗೆ ಹೋದ. 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನಾಲ್ವರ ವಿರುದ್ಧ ಐವರು ನ್ಯಾಯಾಧೀಶರ ಬಹುಮತದಿಂದ, ತೆರಿಗೆ ಕೊಟ್ಟ ಮಾತ್ರಕ್ಕೆ ಈ ಪ್ರಶ್ನೆ ಎತ್ತುವ ಹಕ್ಕು ಬರುವುದಿಲ್ಲವೆಂದು ತೀರ್ಪಿತ್ತಿತು. ಹಣ ಕೊಟ್ಟವನಿಗೆ ಹಕ್ಕಿಲ್ಲದಿದ್ದರೆ ಇನ್ನಾರಿಗೆ?

ಕತ್ತಲೆಯಲ್ಲಿ ಕಳ್ಳತನವಾಗುತ್ತದೆಂದು ಎಲ್ಲರೂ ಹೇಳುತ್ತಾರೆ. ಕಳ್ಳನಿಲ್ಲದೆಯೂ ಹಣ ಹೇಗೆ ದಾರಿ ತಪ್ಪುತ್ತದೆಂಬುದಕ್ಕೆ ಬೇಹುಗಾರಿಕೆಯ ಉಪಗ್ರಹಗಳನ್ನು ನಡೆಸುವ ಎನ್.ಆರ್.ಓ. ಎಂಬ ಕಚೇರಿಯ ಕಥೆ ಕೇಳಬೇಕು. 1961ರಲ್ಲಿ ಹುಟ್ಟಿದ ಈ ಕಚೇರಿ ಇದೆಯೆಂದು ಸರ್ಕಾರ ಒಪ್ಪಿಕೊಂಡದ್ದೇ 1992ರಲ್ಲಿ. ವರ್ಜೀನಿಯಾದಲ್ಲಿ ಅದು 30 ಕೋಟಿ ಡಾಲರಿಗೂ ಮಿಕ್ಕ ವೆಚ್ಚದಲ್ಲಿ ಮುಖ್ಯ ಕಚೇರಿ ಕಟ್ಟಿಸುತ್ತಿತ್ತು. ಲೆಕ್ಕ ನೋಡಬೇಕಾಗಿದ್ದ ಸೆನೆಟಿನ ಸದಸ್ಯರು 1994ರಲ್ಲಿ, ಇದರ ನಿಜವಾದ ವೆಚ್ಚ ತಮಗೆ ತಿಳಿದಿರಲಿಲ್ಲವೆಂದು ಗದ್ದಲವೆಬ್ಬಿಸಿದರು. ಮರುವರ್ಷ ಇನ್ನೂ ದೊಡ್ಡ ಸಂಗತಿ ಹೊರಬಿತ್ತು. ವರ್ಷ ವರ್ಷವೂ ಕೇಳಿ ಪಡೆದು ಖರ್ಚಾಗದೆ ಉಳಿದ 100 ಕೋಟಿ ಡಾಲರಿಗೂ ಹೆಚ್ಚು ಹಣ ಆ ಕಚೇರಿಯ ಲೆಕ್ಕದಲ್ಲಿ ಗುಡ್ಡೆ ಬಿದ್ದಿತ್ತು. 1996ರಲ್ಲಿ ಅದರ ನಿರ್ದೇಶಕನನ್ನೂ ಉಪನಿರ್ದೇಶಕನನ್ನೂ ತೆಗೆದುಹಾಕಿದರು. ಉಳಿಕೆ ಎಷ್ಟಿದೆ ನೋಡಿ ಹೊಸದಾಗಿ ಕೇಳಬೇಕೆಂಬುದು ಯಾವ ಸಹಕಾರಿ ಸಂಘದ ಕಾರ್ಯದರ್ಶಿಗೂ ಗೊತ್ತಿರುವ ವಿಷಯ. ಅಲ್ಲಿ ಅದನ್ನು ಕೇಳುವವರಿರಲಿಲ್ಲ.

ಇನ್ನು ಕಳ್ಳನಿದ್ದ ಕಥೆ. ಸಿ.ಐ.ಎ.ಯಲ್ಲಿ ಮೂರನೆಯ ಸ್ಥಾನದ ಅಧಿಕಾರಿಯಾಗಿದ್ದ ಕೈಲ್ ಫಾಗ್ಗೊ, ಗೆಳೆಯನಾದ ಗುತ್ತಿಗೆದಾರನಿಗೆ ಅನುಕೂಲ ಮಾಡಿಕೊಟ್ಟ ವಂಚನೆಯ ಮೊಕದ್ದಮೆಯಲ್ಲಿ 2008ರಲ್ಲಿ ತಪ್ಪೊಪ್ಪಿಕೊಂಡು, 2009ರಲ್ಲಿ 37 ತಿಂಗಳ ಸೆರೆವಾಸದ ಶಿಕ್ಷೆಗೆ ಗುರಿಯಾದ. ಆರೋಪದಲ್ಲಿದ್ದ ಗುತ್ತಿಗೆಗಳಲ್ಲಿ ಬಾಟಲಿ ನೀರಿನ ಪೂರೈಕೆಯೂ ಒಂದು. ನೀರಿನ ಬಾಟಲಿಯ ದರದಲ್ಲಿ ಶತ್ರುವಿಗೆ ತಿಳಿಯಬಾರದ ಯಾವ ರಹಸ್ಯವಿತ್ತೆಂದು ಯಾರಾದರೂ ವಿವರಿಸಬೇಕು.

ಗುಪ್ತಚರರ ಹೆಸರು, ಅವರಿಗೆ ಸುದ್ದಿ ಕೊಡುವವರ ಹೆಸರು ಗುಟ್ಟಾಗಿರಲೇಬೇಕು; ಪ್ರಾಣದ ಪ್ರಶ್ನೆಯದು. ಆದರೆ ಒಟ್ಟು ಮೊತ್ತವನ್ನು ಹೇಳಿದರೂ ದೇಶಕ್ಕೆ ಅಪಾಯವೆಂದು ಅಮೆರಿಕದ ಅಧಿಕಾರಿಗಳು ದಶಕಗಳ ಕಾಲ ವಾದಿಸಿದರು. 1997ರಲ್ಲಿ ಮೊಕದ್ದಮೆಯ ಒತ್ತಡಕ್ಕೆ ಮಣಿದು 2,660 ಕೋಟಿ ಡಾಲರೆಂದು ಬಾಯಿ ಬಿಟ್ಟರು. 2007ರ ಕಾನೂನು ಬಂದಂದಿನಿಂದ ಪ್ರತಿವರ್ಷ ಪ್ರಕಟಿಸುತ್ತಿದ್ದಾರೆ. ಸೈನ್ಯದ ಬೇಹುಗಾರಿಕೆಯನ್ನು ಬಿಟ್ಟು 2023ರ ಮೊತ್ತ 7,170 ಕೋಟಿ ಡಾಲರು. ಆಕಾಶವೇನೂ ಕಳಚಿ ಬಿದ್ದಿಲ್ಲ.

ಅಮೆರಿಕದ ಆಳರಸರ ನೀತಿಗಳ ಬಗ್ಗೆ ನಮಗೆ ಭ್ರಮೆಯಿಲ್ಲ. ಆದರೂ ಅಲ್ಲಿ 1976ರಲ್ಲಿ ಸೆನೆಟಿನಲ್ಲಿ, 1977ರಲ್ಲಿ ಕೆಳಮನೆಯಲ್ಲಿ, ಗುಪ್ತಚರ ಇಲಾಖೆಗಳನ್ನು ವಿಚಾರಿಸುವ ಖಾಯಂ ಸಮಿತಿಗಳಾದವು. ಅಕ್ರಮ ಕಂಡ ನೌಕರ ಯಾವ ಕ್ರಮದಲ್ಲಿ ಆ ಸಮಿತಿಗಳಿಗೆ ದೂರು ಒಯ್ಯಬಹುದೆಂದು 1998ರಲ್ಲಿ ಒಂದು ಕಾನೂನೂ ಆಯಿತು. ನಮ್ಮಲ್ಲಿ? ಐ.ಬಿ.ಯ ಮೊತ್ತ ಗೃಹ ಮಂತ್ರಾಲಯದ ಬೇಡಿಕೆಗಳಲ್ಲಿ ಒಂದು ಸಾಲಾಗಿ ಅಚ್ಚಾಗುತ್ತದೆ. 1968ರಲ್ಲಿ ಸ್ಥಾಪಿತವಾದ ‘ರಾ’ ಸಂಸ್ಥೆಗೆ ಆ ಒಂದು ಸಾಲೂ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ, ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆಪಾದನೆಗಳನ್ನು ಬಿಟ್ಟರೆ, ಎರಡಕ್ಕೂ ಅನ್ವಯಿಸುವುದಿಲ್ಲ. ಪಾರ್ಲಿಮೆಂಟಿಗೆ ಇವು ಉತ್ತರ ಕೊಡುವಂತಾಗಲೆಂದು ಮನೀಶ್ ತಿವಾರಿಯವರು 2011ರಲ್ಲಿ ತಂದ ಖಾಸಗಿ ಮಸೂದೆ ಕಾನೂನಾಗಲಿಲ್ಲ. ಅದೇ ಕೋರಿಕೆಯ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟು 2016ರಲ್ಲಿ ವಜಾ ಮಾಡಿತು.

ಹೀಗಾಗಿ, ದೆಹಲಿಯ ಯಾವುದೋ ಕೊಠಡಿಯಲ್ಲಿ ಕುಳಿತ ಪ್ರಾಮಾಣಿಕ ಲೆಕ್ಕಿಗನೊಬ್ಬನ ಕಣ್ಣಿಗೆ ನಾಳೆ ಒಂದು ಸುಳ್ಳು ಬಿಲ್ಲು ಬಿದ್ದರೆ, ಅವನು ಅದನ್ನು ತನ್ನ ಮೇಲಧಿಕಾರಿಯ ಮುಂದೆ ಇಡಬಹುದು. ಬಿಲ್ಲಿಗೆ ರುಜು ಹಾಕಿದವನು ಆ ಮೇಲಧಿಕಾರಿಯೇ ಆಗಿದ್ದರೆ, ಅವನ ಮಾತನ್ನು ಮುಚ್ಚಿದ ಬಾಗಿಲೊಳಗೆ ಕೇಳುವ ಸಮಿತಿ ಪಾರ್ಲಿಮೆಂಟಿನಲ್ಲಿ ಇಲ್ಲ. ಅಂಥ ಸಮಿತಿಯೊಂದು ಆಗಬೇಕು, ಎರಡೂ ಸಂಸ್ಥೆಗಳ ಒಟ್ಟು ಮೊತ್ತ ಬಜೆಟ್ ಪುಸ್ತಕದಲ್ಲಿ ಹೆಸರು ಹೇಳಿ ಅಚ್ಚಾಗಬೇಕು. ಓಟು ಕೇಳಲು ಗಿರಣಿ ಬಾಗಿಲಿಗೂ ಪೇಟೆ ಬೀದಿಗೂ ಬರುವ ಲೋಕಸಭಾ ಅಭ್ಯರ್ಥಿಗಳನ್ನು, ಯಾವ ಪಕ್ಷದವರೇ ಆಗಲಿ, ಇವೆರಡಕ್ಕೂ ಒಪ್ಪುವಿರಾ ಎಂದು ವಾಚಕರು ಕೇಳಲಿ.