ಕೊಟ್ಟಿಗೆಯಿಲ್ಲದ ಹೊಸ ಮನೆಗಳು

ಕೊತ್ತತ್ತಿ ಹೋಬಳಿಯ ಗ್ರಾಮಗಳಲ್ಲಿ ಹೊಸ ಮನೆಗಳು ಏಳುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ಅವುಗಳಲ್ಲಿ ಅನೇಕಕ್ಕೆ ಕೊಟ್ಟಿಗೆಯೇ ಇಲ್ಲ. ನಮ್ಮ ಸೀಮೆಯ ಹಳೆಯ ಒಕ್ಕಲುಮನೆಯಲ್ಲಿ ಬಾಗಿಲು ದಾಟಿದೊಡನೆಯೇ ಎತ್ತಿನ ಗೋದಲಿ, ಮೇಲೆ ಹುಲ್ಲಿನ ಅಟ್ಟ, ಹಿತ್ತಲಲ್ಲಿ ತಿಪ್ಪೆ ಇರುತ್ತಿದ್ದುವು. ಜನರೂ ದನಗಳೂ ಒಂದೇ ಗಾಳಿಯನ್ನು ಸೇವಿಸುವ ಆ ಪದ್ಧತಿ ಆರೋಗ್ಯಕ್ಕೆ ಹಿತವಾದುದಲ್ಲ. ಅದು ಮರಳಿ ಬರಬೇಕೆಂದು ನಾವು ಹೇಳುವುದಿಲ್ಲ. ಆದರೆ ಅದರ ದೋಷವನ್ನು ಕಳೆಯುವ ಭರದಲ್ಲಿ ಗುಣವನ್ನೂ ಬೀದಿಗೆ ಹಾಕಿದಂತಾಗಿದೆ.

ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿದು, ೧೯೩೩ರಲ್ಲಿ ಸಕ್ಕರೆ ಕಂಪೆನಿಯು ಸ್ಥಾಪಿತವಾದ ಮೇಲೆ ಕಬ್ಬಿನ ಬೇಸಾಯವು ಇಲ್ಲಿ ನೆಲೆಗೊಂಡಿತು. ಕಟಾವಾದ ಗದ್ದೆಯಲ್ಲಿ ತರಗಿಗೆ ಬೆಂಕಿಯಿಡುವುದೂ ರೂಢಿಯಾಯಿತು. ಒಂದೆಡೆ ತರಗು ಬೂದಿಯಾಗುತ್ತದೆ; ಮತ್ತೊಂದೆಡೆ ಗಂಜಲವು ಮಣ್ಣುನೆಲದಲ್ಲಿ ಇಂಗಿಹೋಗುತ್ತದೆ. ದನವು ಹೊರಹಾಕುವ ಸಾರಜನಕದಲ್ಲಿ ಹೆಚ್ಚುಕಡಮೆ ಅರ್ಧಪಾಲು ಗಂಜಲದಲ್ಲಿಯೇ ಇರುವುದು. ತರಗಿನಲ್ಲಿ ಸಾರಜನಕವು ಅತ್ಯಲ್ಪವಾದ ಕಾರಣ ಅದು ತಾನಾಗಿ ಬೇಗ ಕೊಳೆಯಲಾರದು. ಗಂಜಲವು ತರಗಿನ ಮೇಲೆ ಬಿದ್ದರೆ ಎರಡೂ ಗೊಬ್ಬರವಾಗುವುವು. ಎರಡನ್ನೂ ಕಳೆದುಕೊಂಡ ರೈತನು ಯೂರಿಯಾ ಚೀಲಕ್ಕೆ ಹಣ ತೆರುವುದನ್ನು ನೋಡಿದರೆ ಖೇದವಾಗುತ್ತದೆ.

ಆದುದರಿಂದ ಕೊಟ್ಟಿಗೆ, ಮೇವಿನ ಅಟ್ಟ, ಗೊಬ್ಬರದ ಗುಂಡಿ ಇವೆಲ್ಲವೂ ಒಂದೇ ಸೂರಿನ ಕೆಳಗಿರಬೇಕೆಂಬುದೇ ನಮ್ಮ ಅಭಿಪ್ರಾಯ. ಅದು ವಾಸದ ಮನೆಯಿಂದ ಕೊಂಚ ದೂರದಲ್ಲಿರಲಿ. ನೆಲಕ್ಕೆ ಒರಟು ಕಲ್ಲುಚಪ್ಪಡಿ ಹಾಸಿ, ಮೊಳಕ್ಕೆ ಅರ್ಧ ಅಂಗುಲದಂತೆ ಇಳಿಜಾರು ಕೊಟ್ಟರೆ ಗಂಜಲವು ಕಾಲುವೆಯಲ್ಲಿ ಹರಿದು ಗುಂಡಿಯ ತರಗನ್ನು ಸೇರುವುದು. ನುಣುಪಾದ ಸಿಮೆಂಟಿನ ಮೇಲೆ ದನದ ಗೊರಸು ಜಾರೀತು. ಗುಂಡಿಗೂ ಮಾಡಿನ ನೆರಳು ಅವಶ್ಯ. ಇಲ್ಲದಿದ್ದರೆ ಸಾರವು ಬಿಸಿಲಿಗೆ ಆವಿಯಾಗುವುದು, ಮಳೆಗೆ ತೊಳೆದುಹೋಗುವುದು. ಮಳವಳ್ಳಿ ಕಡೆಯ ಬಂಡೂರು ಕುರಿಗಳನ್ನು ಸಾಕುವವರು ಒಂದು ಮೂಲೆಯಲ್ಲಿ ಸಂದುಬಿಟ್ಟ ಹಲಗೆಯ ಅಟ್ಟಣೆ ಕಟ್ಟಿಕೊಂಡರೆ ಹಿಕ್ಕೆಯೂ ಕೆಳಗೆ ಶೇಖರವಾಗುವುದು. ಕೊಟ್ಟಿಗೆ ತೊಳೆದ ನೀರಿಗೆ ಹಿತ್ತಲಲ್ಲಿ ನಾಲ್ಕು ಸಾಲು ಸೀಮೆಹುಲ್ಲು, ಚಾವಣಿಗೆ ಹಬ್ಬಿಸಿದ ಸೋರೆಬಳ್ಳಿ ಸಾಕು. ರೇಷ್ಮೆಹುಳುವಿನ ಮನೆ ಮಾತ್ರ ಪ್ರತ್ಯೇಕವಾಗಿರತಕ್ಕದ್ದು. ಸುಣ್ಣ, ಔಷಧಿ ಬಿದ್ದ ಸೊಪ್ಪನ್ನು ದನಗಳಿಗೆ ಹಾಕಕೂಡದು.

ಎರಡೇ ದನವುಳ್ಳವನಿಗೆ ಇಷ್ಟೆಲ್ಲ ಏಕೆಂದು ಕೆಲವರು ಕೇಳಬಹುದು. ಅಂತಹವನಿಗೆ ಚಪ್ಪಡಿಯೂ ಗುಂಡಿಯ ಮೇಲಣ ಮಾಡೂ ಆದರೆ ಸಾಕು. ಅಟ್ಟ, ಅಟ್ಟಣೆಗಳನ್ನು ಮುಂದೆ ಕಟ್ಟಿಕೊಳ್ಳಬಹುದು. ನಾವು ನೋಡಿದ ಕೆಲವು ಕೊಟ್ಟಿಗೆಗಳಲ್ಲಿ ಗೋಡೆಗೂ ಬಣ್ಣಕ್ಕೂ ಹಣವೆಲ್ಲ ಮುಗಿದು, ಗಂಜಲದ ಕಾಲುವೆಯೇ ಇರಲಿಲ್ಲ. ಸಹಾಯಧನ ಕೊಡುವಾಗ ಅಧಿಕಾರಿಗಳು ಮೊದಲು ಕಾಲುವೆ ಗುಂಡಿಗಳನ್ನು ನೋಡಿ, ಆಮೇಲೆ ಗೋಡೆಯನ್ನು ಅಳೆಯಲಿ.