ಮನೆಯೊಳಗಿನ ಗಾಳಿ: ಯಂತ್ರ ಕೊಳ್ಳುವ ಮುನ್ನ ಒಂದಿಷ್ಟು ವಿಚಾರ

ದೀಪಾವಳಿ ಕಳೆದು ಚಳಿ ಕಾಲಿಡುತ್ತಿದ್ದಂತೆ ನಾಸಿಕ್ ಹಾಗೂ ಛತ್ರಪತಿ ಸಂಭಾಜಿನಗರದ ಕನ್ನಡಿಗರ ಮನೆಗಳಲ್ಲಿ ಈಗೀಗ ಹೊಸದೊಂದು ಪ್ರಶ್ನೆ ಕೇಳಿಬರುತ್ತಿದೆ. ಗಾಳಿ ಶುದ್ಧೀಕರಿಸುವ ಯಂತ್ರವನ್ನು ನಾವೂ ಕೊಳ್ಳಬೇಕೇ? ಕೊಳ್ಳುವುದಾದರೆ ಕೋಣೆಗೊಂದೋ, ಇಡೀ ಮನೆಗೆ ಒಂದೋ? ಕೆಲವು ವರ್ಷಗಳ ಹಿಂದೆ ಇದು ದೆಹಲಿಯವರ ಚಿಂತೆ ಎಂದು ನಾವು ಪತ್ರಿಕೆಯ ಪುಟ ತಿರುವುತ್ತಿದ್ದೆವು. 2025ರ ಡಿಸೆಂಬರಿನಲ್ಲಿ ಈ ಯಂತ್ರಗಳ ಮೇಲಿನ ಜಿಎಸ್‌ಟಿಯನ್ನು ಶೇ. 18ರಿಂದ ಶೇ. 5ಕ್ಕೆ ಇಳಿಸಬೇಕೆಂಬ ಅರ್ಜಿ ದೆಹಲಿ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, ವಿಷಯ ಇಡೀ ದೇಶದ ಚರ್ಚೆಯಾಯಿತು. ಉಸಿರಾಡುವ ಗಾಳಿಯೂ ತೆರಿಗೆಯ ಲೆಕ್ಕಕ್ಕೆ ಬಂತೆಂಬುದು ಯೋಚಿಸಬೇಕಾದ ಸಂಗತಿಯೇ ಸರಿ.

ಓಝರ್‌ನ ಎಚ್‌ಎಎಲ್ ಕಾರ್ಖಾನೆಗೆ, ಸಾತಪುರ-ಅಂಬಡದ ಉದ್ಯಮಗಳಿಗೆ, ವಾಳೂಜ್-ಚಿಕಲಠಾಣಾದ ಕಂಪನಿಗಳಿಗೆ, ಹೋಟೆಲು ವ್ಯವಹಾರಕ್ಕೆ ಎಂದು ಬಂದು ಇಲ್ಲಿಯೇ ಬೇರೂರಿದ ನಮ್ಮ ಹಿರಿಯರು ಈಗ ಎಪ್ಪತ್ತು ದಾಟಿದ್ದಾರೆ. ಅವರ ತೊಡೆಯ ಮೇಲೆ ಮೊಮ್ಮಕ್ಕಳಿದ್ದಾರೆ. ಕೆಟ್ಟ ಗಾಳಿಯ ಪೆಟ್ಟು ಮೊದಲು ತಗಲುವುದು ಈ ಎರಡು ತಲೆಮಾರುಗಳಿಗೇ. ಆದ್ದರಿಂದ ವಿಷಯವನ್ನು ಅಂಗಡಿಯವರ ಮಾತಿಗೆ ಬಿಡದೆ ನಾವೇ ತಿಳಿದು ನಿರ್ಧರಿಸುವುದು ಒಳಿತು.

ಊರಿನ ಗಾಳಿ ಹೇಗಿದೆ?

ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿದಾಗ, ನಿಗದಿತ ಮಟ್ಟ ಮೀರಿದ ನಗರಗಳ ಪಟ್ಟಿಯಲ್ಲಿ ನಾಸಿಕ್ ಇತ್ತು. ಆಗಿನ್ನೂ ಔರಂಗಾಬಾದ್ ಎನಿಸಿಕೊಂಡಿದ್ದ, 2023ರಲ್ಲಿ ಹೆಸರು ಬದಲಾದ ಸಂಭಾಜಿನಗರವೂ ಇತ್ತು. ಹದಿನೈದನೆಯ ಹಣಕಾಸು ಆಯೋಗ ಗಾಳಿಯ ಸುಧಾರಣೆಗೆಂದು ಅನುದಾನ ನೀಡಿದ ದೊಡ್ಡ ನಗರಗಳಲ್ಲಿಯೂ ಇವೆರಡು ಸೇರಿವೆ. ಅಂದರೆ ಇಲ್ಲಿಯ ಗಾಳಿ ಚೆನ್ನಾಗಿಲ್ಲವೆಂಬುದನ್ನು ಸರ್ಕಾರವೇ ಒಪ್ಪಿಕೊಂಡಿದೆ.

ಕಾರಣಗಳು ನಮ್ಮ ಕಣ್ಣೆದುರಿಗೇ ಇವೆ. ನಾಸಿಕ್‌ಗೆ ಹತ್ತಿರದ ಏಕಲಹರೆಯಲ್ಲಿ 630 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಮುಂಬಯಿ-ಆಗ್ರಾ ಹೆದ್ದಾರಿ ಊರಿನ ನಡುವೆಯೇ ಹಾದುಹೋಗುತ್ತದೆ. 2027ರ ಸಿಂಹಸ್ಥ ಕುಂಭಮೇಳದ ಸಿದ್ಧತೆಗೆಂದು ರಸ್ತೆಗಳನ್ನು ಅಗೆಯಲಾಗಿದೆ. ತಪೋವನದಲ್ಲಿ ಸಾಧುಗ್ರಾಮಕ್ಕಾಗಿ ಮರ ಕಡಿಯುವ ಪ್ರಸ್ತಾಪಕ್ಕೆ 2025ರ ಕೊನೆಯಲ್ಲಿ ನಾಗರಿಕರು ತೀವ್ರ ವಿರೋಧ ವ್ಯಕ್ತಪಡಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಸಂಭಾಜಿನಗರದಲ್ಲಿ ಮರಾಠವಾಡದ ಒಣ ಹವೆಯ ಧೂಳಿಗೆ ಕಾರ್ಖಾನೆ, ವಾಹನಗಳ ಹೊಗೆ ಕೂಡುತ್ತದೆ. 2018ರ ಫೆಬ್ರವರಿಯಲ್ಲಿ ನಾರೇಗಾಂವ್ ಗ್ರಾಮಸ್ಥರು ಕಸದ ವಾಹನಗಳನ್ನು ತಡೆದಾಗ, ಊರೆಲ್ಲ ರಾಶಿ ಬಿದ್ದ ಕಸಕ್ಕೆ ಅಲ್ಲಲ್ಲಿ ಬೆಂಕಿ ಬಿದ್ದು ಬೀದಿಗಳು ಹೊಗೆಯಾಡಿದ್ದನ್ನು ಮರೆತವರಿಲ್ಲ. ಚಳಿಗಾಲದಲ್ಲಿ ನೆಲದ ಬಳಿಯ ತಣ್ಣನೆಯ ಗಾಳಿ ಮೇಲೇಳದೆ ಅಲ್ಲಿಯೇ ನಿಲ್ಲುವುದರಿಂದ ಹೊಗೆಯೂ ನಮ್ಮ ಮೂಗಿನ ಮಟ್ಟದಲ್ಲಿಯೇ ಉಳಿಯುತ್ತದೆ.

ಇಲ್ಲಿ ಎರಡು ಬಗೆಯ ಕಣಗಳನ್ನು ಬೇರೆಯಾಗಿ ಅರಿಯಬೇಕು. ಪಿಎಂ 10 ಎಂಬುದು ರಸ್ತೆಯ ಧೂಳಿನಂಥ ಒರಟು ಕಣಗಳನ್ನೂ ಒಳಗೊಂಡ ಅಳತೆ. ಪಿಎಂ 2.5 ಎಂಬುದು ಕೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲಿನಷ್ಟು ಅಥವಾ ಅದಕ್ಕಿಂತ ಸಣ್ಣ ಕಣಗಳದ್ದು. ಶ್ವಾಸಕೋಶದ ಆಳಕ್ಕೆ ಇಳಿಯುವಂಥವು ಇವೇ. ಇದರ ವಾರ್ಷಿಕ ಸರಾಸರಿಗೆ ನಮ್ಮ ದೇಶದ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು ಕೇವಲ 5. ಆದರೆ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ನಗರಗಳ ಸಾಧನೆಯನ್ನು ಅಳೆದದ್ದು ಪಿಎಂ 10ರಿಂದ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ತೋರಿಸಿಕೊಟ್ಟಂತೆ ಕಾರ್ಯಕ್ರಮದ ಹಣದಲ್ಲಿ ಶೇ. 64ರಷ್ಟು ರಸ್ತೆ ಧೂಳಿನ ನಿಯಂತ್ರಣಕ್ಕೇ ವೆಚ್ಚವಾಗಿತ್ತು. ಧೂಳು ಗುಡಿಸಿದ್ದು ತಪ್ಪಲ್ಲ. ಹೊಗೆಯನ್ನು ಬಿಟ್ಟು ಧೂಳನ್ನಷ್ಟೇ ಗುಡಿಸಿದರೆ ರೋಗ ಅಲ್ಲಿಯೇ ಉಳಿಯುತ್ತದೆ.

ಅಜಂತಾ ಕಲಿಸುವ ಪಾಠ

ಒಳಗಿನ ಗಾಳಿಯನ್ನು ಕಾಯುವ ಬಗೆಗೆ ನಮ್ಮ ಸಮೀಪದಲ್ಲಿಯೇ ಒಂದು ಉತ್ತಮ ಉದಾಹರಣೆಯಿದೆ. ಅಜಂತಾದ ಗುಹೆಗಳಿಗೆ ಹೋದವರು ತಮ್ಮ ವಾಹನವನ್ನು ಸುಮಾರು 4 ಕಿ.ಮೀ. ದೂರದ ಫರ್ದಾಪುರ ತಿರುವಿನಲ್ಲಿಯೇ ನಿಲ್ಲಿಸಿ, ಅಲ್ಲಿಂದ ಬೇರೆ ಬಸ್ಸಿನಲ್ಲಿ ಹೋಗಬೇಕಾಗುತ್ತದೆ. ವಾಹನಗಳ ಹೊಗೆಯಿಂದ ಚಿತ್ರಗಳಿಗೆ ಹಾನಿಯಾಗದಿರಲೆಂದು ಈ ವ್ಯವಸ್ಥೆ. ಹೊಗೆ ಒಳಗೆ ಬಂದ ಮೇಲೆ ಶುದ್ಧಗೊಳಿಸುವ ಬದಲು, ಹೊಗೆ ಹತ್ತಿರ ಬಾರದಂತೆ ತಡೆಯಲಾಯಿತು. ನಮ್ಮ ಮನೆಗೂ ಇದೇ ಕ್ರಮ ಅನ್ವಯಿಸುತ್ತದೆ.

ನಮ್ಮ ಮನೆಗಳಲ್ಲಿ ಹೊಗೆ ಹುಟ್ಟುವ ಜಾಗಗಳು ಯಾವುವು? ಬ್ಯಾಡಗಿ ಮೆಣಸಿನ ಒಗ್ಗರಣೆ, ದೋಸೆಕಾವಲಿ, ಗ್ಯಾಸಿನ ಒಲೆ; ದೇವರ ಮುಂದಿನ ಊದುಬತ್ತಿ, ಧೂಪ; ರಾತ್ರಿ ಮಂಚದಡಿಯ ಸೊಳ್ಳೆಬತ್ತಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಒಂದು ಸೊಳ್ಳೆಬತ್ತಿ ಉರಿದು ಹೊರಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳದಕ್ಕೆ ಸಮ. ಮಗು ಮಲಗುವ ಕೋಣೆಯಲ್ಲಿ ಒಂದು ಮೂಲೆಗೆ ಸೊಳ್ಳೆಬತ್ತಿ, ಇನ್ನೊಂದು ಮೂಲೆಗೆ ಶುದ್ಧೀಕರಣ ಯಂತ್ರ ಇಡುವುದು ವಿಚಿತ್ರವಲ್ಲವೇ? ಸೊಳ್ಳೆಪರದೆ ಕಟ್ಟಿದರೆ ಕೆಲವೇ ನೂರು ರೂಪಾಯಿಗಳಲ್ಲಿ ಕೆಲಸ ಮುಗಿಯುತ್ತದೆ. ಅಡುಗೆಮನೆಯ ಚಿಮಣಿ ಕೊಳವೆಯ ಮೂಲಕ ಹೊಗೆಯನ್ನು ಹೊರಗೆ ಹಾಕುವಂಥದಾಗಿರಬೇಕು. ಸೋಸಿ ಒಳಕ್ಕೇ ಬಿಡುವ ಬಗೆಯದಲ್ಲ. ಒಗ್ಗರಣೆಯ ಹೊತ್ತಿಗೆ ಹಳೆಯ ಎಕ್ಸಾಸ್ಟ್ ಫ್ಯಾನ್ ತಪ್ಪದೆ ಹಾಕಿದರೂ ಲಾಭವುಂಟು.

ಇನ್ನೊಂದು ಎಚ್ಚರಿಕೆ ಅಗತ್ಯ. ಬಚ್ಚಲುಮನೆಯ ಗ್ಯಾಸ್ ಗೀಸರ್ ಹೊರಬಿಡುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಅದು ಪ್ರಾಣಾಂತಿಕ. ಮನೆಬಳಕೆಯ ಯಾವ ಶುದ್ಧೀಕರಣ ಯಂತ್ರವೂ ಅದರಿಂದ ಕಾಪಾಡುವುದಿಲ್ಲ. ಆ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿ ಅಳವಡಿಸುವುದೊಂದೇ ದಾರಿ.

ಇಡೀ ಮನೆಗೆ ಒಂದೇ ಯಂತ್ರ?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ಹಿರಿಯರು ಅಲ್ಲಿಯ ವ್ಯವಸ್ಥೆಯನ್ನು ಕಂಡಿರುತ್ತಾರೆ. ಅಲ್ಲಿ ಬಿಸಿಗಾಳಿ, ತಂಪುಗಾಳಿ ಎರಡೂ ಡಕ್ಟ್ ಎಂಬ ಕೊಳವೆಗಳಲ್ಲಿ ಹರಿದು ಎಲ್ಲ ಕೋಣೆಗಳನ್ನು ಸೇರುವುದರಿಂದ, ಆ ದಾರಿಯಲ್ಲಿ ಒಂದು ಒಳ್ಳೆಯ ಫಿಲ್ಟರ್ ಕೂರಿಸಿದರೆ ಇಡೀ ಮನೆಗಾಯಿತು. ಮರ್ವ್ 13 ಎಂಬ ದರ್ಜೆಯ ಫಿಲ್ಟರ್ ಇದಕ್ಕೆ ಬಳಕೆಯಲ್ಲಿದೆ. ನಮ್ಮ ಫ್ಲ್ಯಾಟುಗಳಲ್ಲಿ ಇರುವುದು ಸ್ಪ್ಲಿಟ್ ಎಸಿ. ಅದಕ್ಕೆ ಕೊಳವೆಗಳಿಲ್ಲ, ಕೋಣೆಯ ಗಾಳಿಯನ್ನೇ ತಿರುತಿರುಗಿ ತಂಪಾಗಿಸುತ್ತದೆ, ಅದರ ಜಾಲರಿ ಒರಟು ಧೂಳನ್ನಷ್ಟೇ ಹಿಡಿಯುತ್ತದೆ. ಆದ್ದರಿಂದ ಆ ಬಗೆಯ ಯಂತ್ರ ನಮ್ಮ ಹೆಚ್ಚಿನ ಮನೆಗಳಿಗೆ ಹೊಂದುವುದಿಲ್ಲ. ಹೊಸದಾಗಿ ಬಂಗಲೆ ಕಟ್ಟಿಸುವವರು ಮಾತ್ರ ಹೊರಗಿನ ಗಾಳಿಯನ್ನು ಸೋಸಿ ಒಳಗೆ ತರುವ ವ್ಯವಸ್ಥೆಯನ್ನು ನಕ್ಷೆ ಬರೆಸುವಾಗಲೇ ವಿಚಾರಿಸಬಹುದು.

ಲೆಕ್ಕ ಸರಳವಾಗಿದೆ. ಯಂತ್ರ ಗಂಟೆಗೆ ಎಷ್ಟು ಘನಮೀಟರ್ ಶುದ್ಧ ಗಾಳಿ ಕೊಡುತ್ತದೆಂಬುದನ್ನು ಸಿಎಡಿಆರ್ ಎನ್ನುತ್ತಾರೆ. 12 ಅಡಿ ಉದ್ದಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 41 ಘನಮೀಟರ್ ಗಾಳಿಯಿರುತ್ತದೆ. ಗಂಟೆಗೆ ಐದು ಸಲ ಅದನ್ನು ಸೋಸಬೇಕಾದರೆ 205 ಸಿಎಡಿಆರ್ ಬೇಕು. 1000 ಚದರಡಿಯ ಮನೆಗೆ ಇದೇ ಲೆಕ್ಕ 1400 ದಾಟುತ್ತದೆ. ಹಾಲಿನಲ್ಲಿಟ್ಟ ಒಂದು ಸಾಧಾರಣ ಯಂತ್ರ ಇಡೀ ಮನೆಯನ್ನು ಶುದ್ಧವಾಗಿಡುತ್ತದೆಂಬ ಜಾಹೀರಾತನ್ನು ಈ ಲೆಕ್ಕದಿಂದಲೇ ಅಳೆಯಬಹುದು. ಈ ಅಂಕಿ ಯಂತ್ರದ ಗರಿಷ್ಠ ವೇಗದ್ದೆಂಬುದನ್ನೂ ನೆನಪಿಡಬೇಕು. ರಾತ್ರಿ ಸದ್ದಿಗೆ ಬೇಸತ್ತು ವೇಗ ತಗ್ಗಿಸಿದರೆ ಶುದ್ಧ ಗಾಳಿಯೂ ತಗ್ಗುತ್ತದೆ. ಆದುದರಿಂದ ಬೇಕಾದುದಕ್ಕಿಂತ ತುಸು ದೊಡ್ಡದನ್ನೇ ಆರಿಸುವುದು ಜಾಣತನ.

ಫಿಲ್ಟರ್ ನಿಜವಾದ ಹೆಪಾ ಆಗಿರಬೇಕು, 'ಹೆಪಾ ಮಾದರಿ' ಎಂಬ ಮಾತಿಗೆ ಮರುಳಾಗಬಾರದು. ವಾಸನೆ, ಅನಿಲಗಳಿಗೆ ಇದ್ದಲಿನ ಪದರ ಬೇರೆ ಬೇಕು. ಓಝೋನ್ ಹೊರಬಿಡುವ ಯಂತ್ರಗಳು ಶ್ವಾಸಕ್ಕೆ ಅಪಾಯಕಾರಿ. ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೆ ಕಾನೂನಿನ ಮಿತಿಯನ್ನೇ ಹೇರಿದೆ. 50 ವಾಟಿನ ಯಂತ್ರ ದಿನಕ್ಕೆ ಹತ್ತು ಗಂಟೆ ಓಡಿದರೂ ತಿಂಗಳಿಗೆ 15 ಯೂನಿಟ್ ವಿದ್ಯುತ್ ಸಾಕು. ನಿಜವಾದ ಖರ್ಚು ಬದಲಿ ಫಿಲ್ಟರಿನದು. ಅದರ ಬೆಲೆಯನ್ನೂ ಅದು ಊರಿನಲ್ಲಿ ಸಿಗುವುದೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು.

ಹಾಗಾದರೆ ಯಾರು ಕೊಳ್ಳಬೇಕು? ಅಸ್ತಮಾ, ಹೃದ್ರೋಗವುಳ್ಳ ಹಿರಿಯರು ಅಥವಾ ಪದೇಪದೇ ಉಬ್ಬಸಕ್ಕೊಳಗಾಗುವ ಮಗು ಇರುವ ಮನೆಯವರು ಆ ವ್ಯಕ್ತಿ ಮಲಗುವ ಕೋಣೆಗೆ ಒಂದು ಯಂತ್ರ ಕೊಂಡರೆ ಹಣ ವ್ಯರ್ಥವಾಗದು. ದಿನದ ಮೂರನೆಯ ಒಂದು ಪಾಲು ಕಳೆಯುವುದು ಅಲ್ಲಿಯೇ ತಾನೇ? ಉಳಿದವರು ಹೊಗೆಯ ಮೂಲಗಳನ್ನು ನಿಲ್ಲಿಸಿ, ಹೊರಗಿನ ಗಾಳಿ ತಿಳಿಯಾಗಿರುವ ಹೊತ್ತು ನೋಡಿ ಕಿಟಕಿ ತೆರೆದರೆ ಸದ್ಯಕ್ಕೆ ಸಾಕು. ಆ ಹೊತ್ತನ್ನು ತಿಳಿಯಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್ ಇದೆ.

ಮನೆ ಗೆದ್ದು ಮಾರು ಗೆಲ್ಲು

ನಮ್ಮನ್ನು ಹೆಚ್ಚು ಕಾಡುವ ಸಂಗತಿ ಬೇರೆಯೇ ಇದೆ. ಕುಡಿಯುವ ನೀರಿನ ವಿಷಯದಲ್ಲಿ ಏನಾಯಿತೆಂಬುದನ್ನು ನೆನೆಯೋಣ. ಮನೆಮನೆಗೂ ನೀರು ಶೋಧಕ ಬಂದ ಮೇಲೆ ನಲ್ಲಿಯ ನೀರು ಹೇಗಿದೆಯೆಂದು ಕೇಳುವವರೇ ಕಡಿಮೆಯಾದರು. ಗಾಳಿಯ ವಿಷಯದಲ್ಲಿಯೂ ಅನುಕೂಲಸ್ಥರು ಕಿಟಕಿ ಮುಚ್ಚಿ ಯಂತ್ರ ಹಾಕಿ ಕುಳಿತರೆ, ಪಾಲಿಕೆಯನ್ನು ಪ್ರಶ್ನಿಸುವವರು ಯಾರು? ನಮ್ಮ ಮನೆಗೆಲಸದಾಕೆ, ಗೇಟಿನ ಕಾವಲುಗಾರ, ರಿಕ್ಷಾ ಓಡಿಸುವವ, ಇವರಾರಿಗೂ ಯಂತ್ರದ ಕೋಣೆಯಿಲ್ಲ. ಶಾಲೆಗೆ ನಡೆದುಹೋಗುವ ನಮ್ಮ ಮೊಮ್ಮಗುವಿಗೂ ದಾರಿಯುದ್ದಕ್ಕೂ ಅದು ಒದಗದು.

ಮನೆ ಗೆದ್ದು ಮಾರು ಗೆಲ್ಲು ಎಂದರು ಹಿರಿಯರು. ಮನೆಯನ್ನು ಗೆದ್ದ ಮೇಲೆ ನಿಲ್ಲಬೇಕೆಂದು ಅವರು ಹೇಳಲಿಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಮುಂದಿನ ಸಭೆಯಲ್ಲಿ ಆವರಣದೊಳಗೆ ಕಸ, ಒಣ ಎಲೆ ಸುಡಬಾರದೆಂಬ ಠರಾವು ಮಾಡೋಣ. ಪಕ್ಕದ ಕಟ್ಟಡ ಕಾಮಗಾರಿಗೆ ಹಸಿರು ಪರದೆ ಕಟ್ಟದಿದ್ದರೆ ವಾರ್ಡ್ ಕಚೇರಿಗೆ ಲಿಖಿತ ದೂರು ಕೊಡೋಣ. ಶುದ್ಧ ಗಾಳಿಗೆಂದು ಬಂದ ಹಣ ಎಲ್ಲಿ ವೆಚ್ಚವಾಯಿತೆಂದು ನಗರಸೇವಕರನ್ನು ಮರಾಠಿಯಲ್ಲಿಯೇ ಕೇಳೋಣ. ಹೊಟ್ಟೆಪಾಡಿಗಾಗಿ ಬಂದ ನಮ್ಮನ್ನು ಈ ಊರುಗಳು ತಮ್ಮವರೆಂದು ಒಪ್ಪಿಕೊಂಡು ಹಲವು ದಶಕಗಳೇ ಸಂದಿವೆ. ಇವುಗಳ ಗಾಳಿಯ ಚಿಂತೆಯೂ ನಮ್ಮದೇ.