ಕಾಟಾ ಚೀಟಿಯಲ್ಲಿ ಡೀಸೆಲ್ ಎಷ್ಟು?

ತಿಕೋಟಾ, ಬಬಲೇಶ್ವರ ಕಡೆಯವರಿಗೆ ತೂಕದ ಪಾಠ ಯಾರೂ ಹೇಳಬೇಕಾಗಿಲ್ಲ. ಸುಮಾರು ನಾಲ್ಕು ಕಿಲೋ ದ್ರಾಕ್ಷಿ ಒಣಗಿದ್ರೆ ಒಂದು ಕಿಲೋ ಮಣೂಕ. ಅದ್ರಾಗ ನೂರು ಗ್ರಾಂ ಕಡಿಮೆ ಬಂದ್ರೂ ನಮ್ಮ ಮಂದಿ ಬಿಡೋದಿಲ್ಲ. ಆದ್ರೆ ಅದೇ ಮಾಲು ಕಂಟೇನರ್ ಸೇರಿ ನಾವಾ ಶೇವಾ ಬಂದರಿಗೆ ಹೊರಟಾಗ ಮಾತ್ರ, 'ಅಂದಾಜು ಬರೆದುಬಿಡ್ರಿ' ಅಂತಾರೆ! ವಿಜಯಪುರದಲ್ಲಿ ಕೂತು ರಫ್ತಿನ ಕಾಗದಪತ್ರ ನೋಡೋ ನನಗೆ ಈ ಮಾತು ಕೇಳಿದ್ರೆ ಮೈ ಉರೀತದೆ.

ಅಂದಾಜಿನ ಕಥೆ ಕೇಳಿ. 2007ರ ಜನವರಿಯಲ್ಲಿ ಎಂಎಸ್‌ಸಿ ನಾಪೊಲಿ ಎಂಬ ಹಡಗು ಇಂಗ್ಲಿಷ್ ಕಡಲ್ಗಾಲುವೆಯ ಬಿರುಗಾಳಿಯಲ್ಲಿ ಬಿರುಕು ಬಿಟ್ಟಿತು. 26 ಸಿಬ್ಬಂದಿಯೂ ಬದುಕಿದರು, ಪುಣ್ಯ. ಆಮೇಲೆ ಡೆಕ್ ಮೇಲೆ ಒಣಗಿದ್ದ 660 ಕಂಟೇನರ್ ತೂಗಿ ನೋಡಿದ್ರೆ, 137ರಲ್ಲಿ ಕಾಗದದ ತೂಕಕ್ಕೂ ನಿಜವಾದ ತೂಕಕ್ಕೂ 3 ಟನ್‌ಗಿಂತ ಹೆಚ್ಚು ವ್ಯತ್ಯಾಸ. ಒಂದರಲ್ಲಂತೂ 20 ಟನ್! ಹಡಗಿನ ರಚನೆಯಲ್ಲೇ ದೌರ್ಬಲ್ಯ ಇತ್ತು ನಿಜ. ಆದ್ರೆ ಯಾವ ಪೆಟ್ಟಿಗೆ ಕೆಳಗೆ, ಯಾವುದು ಮೇಲೆ ಅಂತ ನಿರ್ಧರಿಸೋದು ನಾವು ಬರೆದ ಅಂಕಿಯನ್ನೇ ನಂಬಿ. ಕ್ರೇನ್ ಆಪರೇಟರ್‌ಗೂ ಬೇರೆ ಆಧಾರ ಕಡಿಮೆ.

ಅದಕ್ಕೇ 2016ರ ಜುಲೈ 1ರಿಂದ ಸೋಲಾಸ್ ಒಪ್ಪಂದದಲ್ಲಿ ವಿಜಿಎಂ ಕಡ್ಡಾಯ. ದೃಢೀಕರಿಸಿದ ಒಟ್ಟು ತೂಕ ಇಲ್ಲದಿದ್ರೆ ಕಂಟೇನರ್ ಹಡಗು ಹತ್ತೋ ಹಾಗಿಲ್ಲ. ಹೊಣೆ ಮಾಲು ಕಳಿಸುವವರದ್ದೇ, ಲಾರಿಯವರದ್ದಲ್ಲ. ತುಂಬಿ ಸೀಲ್ ಹಾಕಿದ ಕಂಟೇನರನ್ನೇ ತೂಗಬಹುದು. ಇಲ್ಲವೇ ಒಳಗಿನದೆಲ್ಲ ತೂಗಿ, ಬಾಗಿಲ ಮೇಲೆ ಬರೆದಿರೋ ಖಾಲಿ ಪೆಟ್ಟಿಗೆಯ ತೂಕ ಕೂಡಿಸಬಹುದು. ಮಣೂಕಕ್ಕೆ ನಾನು ಎರಡನೇದೇ ವಾಸಿ ಅಂತೀನಿ. ಎಲ್ಲ ರಟ್ಟಿನ ಡಬ್ಬಿಯೂ ಒಂದೇ ಅಳತೆ. ಆದ್ರೆ ಡಬ್ಬಿ, ಪ್ಯಾಲೆಟ್, ಪಟ್ಟಿ ಎಲ್ಲವೂ ಲೆಕ್ಕಕ್ಕೆ ಬರಬೇಕು.

ಲಾರಿ ಕಾಟಾದ ಮೇಲೆ ತೂಗೋದಾದ್ರೆ ಎರಡು ಕಡೆ ಎಚ್ಚರ. ಖಾಲಿ ಲಾರಿ ತೂಗಿ, ಆಮೇಲೆ 200 ಲೀಟರ್ ಡೀಸೆಲ್ ತುಂಬಿಸಿದ್ರೆ ಸುಮಾರು 165 ಕೆಜಿ ಡೀಸೆಲ್ಲೇ ನಿಮ್ಮ ಮಣೂಕ ಆಗ್ತದೆ. ಇನ್ನು ಒಂದೇ ಟ್ರೇಲರ್‌ನಲ್ಲಿ 20 ಅಡಿಯ ಎರಡು ಕಂಟೇನರ್ ಇದ್ದರೆ, ಒಟ್ಟು ತೂಕ ಎರಡರಿಂದ ಭಾಗಿಸೋದು ಶುದ್ಧ ಸುಳ್ಳು. ಒಂದೊಂದನ್ನೇ ತೂಗಬೇಕು.

ಇದೆಲ್ಲ ಊರಲ್ಲೇ ಮುಗಿಸ್ರಿ. 400 ಕಿಲೋಮೀಟರ್‌ಗೂ ದೂರ ಹೋಗಿ, ಬಂದರಿನ ಗೇಟಲ್ಲಿ ತೂಕ ತಾಳೆಯಾಗದೆ ನಿಂತ್ರೆ ಹಡಗು ಕಾಯೋದಿಲ್ಲ. ಹಸಿ ದ್ರಾಕ್ಷಿ ಇದ್ರೆ ಅದಂತೂ ಕಾಯೋದೇ ಇಲ್ಲ. ನಾನೀಗ ಬಾಗಿಲ ಮೇಲಿನ ಅಂಕಿ, ಸೀಲ್ ನಂಬರ್, ಕಾಟಾ ಚೀಟಿ ಮೂರರ ಫೋಟೋ ವಾಟ್ಸಾಪಿಗೆ ಬರೋವರೆಗೂ ಫಾರ್ಮ್ ತುಂಬೋದಿಲ್ಲ.